ಜಾಕ್ ಸ್ಟ್ಯಾಂಡ್ ಆಯ್ಕೆ ಮತ್ತು ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಂಗಳದಲ್ಲೋ ಸಣ್ಣ ಗ್ಯಾರೇಜಿನಲ್ಲೋ ಗಾಡಿಯಡಿ ಮಲಗಿ ಆಯಿಲ್ ಬದಲಿಸುವವರು, ಬ್ರೇಕ್ ಬಿಚ್ಚುವವರು, ಸೈಲೆನ್ಸರ್ ನೋಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಜಾಕ್ ಸ್ಟ್ಯಾಂಡ್ ಎಂದರೆ ಜಾಕಿಯಿಂದ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ, ಎತ್ತರ ಹೊಂದಿಸಬಹುದಾದ ಉಕ್ಕಿನ ಆಸರೆ. ಉತ್ತರಗಳು ಹೆಚ್ಚಾಗಿ ಕಾರು, ಜೀಪುಗಳ ಬಗ್ಗೆ. ಟ್ರ್ಯಾಕ್ಟರ್ ಮತ್ತು ಲಾರಿಯ ವಿಷಯ ಕೊನೆಯ ಭಾಗದಲ್ಲಿದೆ.

ಗಾಡಿ ಜತೆ ಬಂದ ಜಾಕಿ ಇದೆಯಲ್ಲ, ಸ್ಟ್ಯಾಂಡ್ ಬೇರೆ ಯಾಕೆ?

ಡಿಕ್ಕಿಯಲ್ಲಿರುವ ಕತ್ತರಿ ಜಾಕಿ ಸ್ಟೆಪ್ನಿ ಹಾಕಲು ಮಾತ್ರ. ಅದರ ಬುಡ ಅಂಗೈಯಷ್ಟು, ಗಾಡಿ ಒಂದಿಷ್ಟು ಅಲುಗಿದರೂ ವಾಲುತ್ತದೆ. ಹೈಡ್ರಾಲಿಕ್ ಟ್ರಾಲಿ ಜಾಕಿ ಮತ್ತು ಬಾಟಲ್ ಜಾಕಿ ಇದಕ್ಕಿಂತ ಗಟ್ಟಿ, ಆದರೆ ಗಾಡಿ ನಿಂತಿರುವುದು ಎಣ್ಣೆಯ ಒತ್ತಡದ ಮೇಲೆ. ಒಂದು ರಬ್ಬರ್ ಸೀಲ್ ಹರಿದರೆ, ವಾಲ್ವಿನಲ್ಲಿ ಕಸ ಸಿಕ್ಕಿದರೆ, ಯಾರದೋ ಕಾಲು ತಾಗಿ ರಿಲೀಸ್ ವಾಲ್ವ್ ತಿರುಗಿದರೆ ಗಾಡಿ ಕೆಳಗೆ ಬರುತ್ತದೆ. ಕೆಲವೊಮ್ಮೆ ಮೆಲ್ಲಗೆ, ಕೆಲವೊಮ್ಮೆ ಒಂದೇ ಸಲಕ್ಕೆ. ಜಾಕಿ ಎತ್ತಲು, ಸ್ಟ್ಯಾಂಡ್ ಹೊರಲು. ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ಕೈ ಹಾಕಿ ಬಿದ್ದ ಸ್ಪ್ಯಾನರ್ ಎತ್ತಿಕೊಳ್ಳುವುದೂ ಬೇಡ.

ಎಷ್ಟು ಟನ್ನಿನದು ತೆಗೆದುಕೊಳ್ಳಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಆದರೆ ಅಪಘಾತಗಳಲ್ಲಿ ಟನ್ನಿನ ಪಾತ್ರ ಕಡಿಮೆ. ಸ್ವಿಫ್ಟ್ ಗಾತ್ರದ ಹ್ಯಾಚ್‌ಬ್ಯಾಕ್ ಕಾರಿನ ತೂಕ ಸುಮಾರು 900 ಕೆ.ಜಿ. ಎಂಜಿನ್ ಮುಂದಿರುವುದರಿಂದ ಶೇ. 60ರಷ್ಟು ತೂಕ ಮುಂದಿನ ಚಕ್ರಗಳ ಮೇಲಿರುತ್ತದೆ, ಅಂದರೆ 540 ಕೆ.ಜಿ. ಎರಡು ಸ್ಟ್ಯಾಂಡ್ ಹಂಚಿಕೊಂಡರೆ ಒಂದಕ್ಕೆ 270 ಕೆ.ಜಿ. ಇನೋವಾ ಕ್ರಿಸ್ಟಾದಂಥ ಭಾರಿ ಗಾಡಿಯಲ್ಲೂ ಒಂದು ಸ್ಟ್ಯಾಂಡಿಗೆ ಬೀಳುವುದು ಸುಮಾರು 500 ಕೆ.ಜಿ. ಲೆಕ್ಕಕ್ಕೆ 2 ಟನ್ನಿನ ಒಳ್ಳೆಯ ಸ್ಟ್ಯಾಂಡ್ ಎರಡಕ್ಕೂ ಧಾರಾಳ ಸಾಕು.

ಹಾಗಿದ್ದೂ 3 ಟನ್ನಿನದನ್ನು ಕೊಳ್ಳಿ ಎನ್ನುತ್ತೇವೆ. ಅದರ ಬುಡ ಅಗಲ, ಉಕ್ಕು ದಪ್ಪ, ಕಂಬ ಗಟ್ಟಿ. ಹೆಚ್ಚುವರಿ ಟನ್ನಿಗೆ ಕೊಟ್ಟ ದುಡ್ಡು ನಿಜವಾಗಿ ಹೋಗುವುದು ಅಲ್ಲಿಗೆ. ಹಾಗಂತ ದೊಡ್ಡದೇ ಒಳ್ಳೆಯದೆಂದು 6 ಟನ್ನಿನದಕ್ಕೆ ಹಾರಬೇಡಿ. ಸಣ್ಣ ಕಾರಿನಡಿ ಅದು ತೂರುವುದೇ ಇಲ್ಲ. ಕಾರಣ ಎತ್ತರದ ಪ್ರಶ್ನೆಯಲ್ಲಿದೆ.

ಡಬ್ಬಿ ಮೇಲೆ 3 ಟನ್ ಎಂದಿದ್ದರೆ ಅದು ಒಂದಕ್ಕೋ ಜೋಡಿಗೋ?

ಎರಡೂ ಇವೆ. ಕೆಲವು ತಯಾರಕರು ಒಂದೊಂದರ ಶಕ್ತಿ ಬರೆಯುತ್ತಾರೆ, ಕೆಲವರು ಜೋಡಿಯದು. ಸ್ಟ್ಯಾಂಡಿನ ಕಾಲಿನ ಮೇಲೆ ಅಂಟಿಸಿದ ಅಥವಾ ಒತ್ತಿದ ಬರಹ ಓದಿ. ಸ್ಪಷ್ಟವಿಲ್ಲದಿದ್ದರೆ ಜೋಡಿಯದೆಂದೇ ಹಿಡಿದು ಒಂದಕ್ಕೆ ಅರ್ಧ ಲೆಕ್ಕ ಹಾಕಿ. ಇನ್ನೊಂದು ವಿಷಯ: ಅಮೆರಿಕದ ಅಳತೆಯಲ್ಲಿ ಟನ್ ಎಂದರೆ 2,000 ಪೌಂಡ್, ಅಂದರೆ 907 ಕೆ.ಜಿ. ಆ ಲೆಕ್ಕದಲ್ಲಿ 3 ಟನ್ ಎಂದರೆ ಸುಮಾರು 2,720 ಕೆ.ಜಿ. ಕಾರಿಗೆ ಇದರಿಂದ ತೊಂದರೆಯಿಲ್ಲ, ತುಂಬಿದ ಪಿಕಪ್ ಎತ್ತುವವರು ಗಮನಿಸಬೇಕು.

ಟನ್ ನೋಡಿ ಸಾಲದು ಅಂದರೆ ಇನ್ನೇನು ನೋಡಬೇಕು?

ಬುಡದ ಅಗಲ, ಮತ್ತು ಅದಕ್ಕೂ ಎತ್ತರಕ್ಕೂ ಇರುವ ಅನುಪಾತ. ಗಾಡಿಯ ತೂಕಕ್ಕೆ ಸ್ಟ್ಯಾಂಡ್ ಕುಗ್ಗುವುದು ಅಪರೂಪ. ಅದು ಪಕ್ಕಕ್ಕೆ ಉರುಳುವುದೇ ಹೆಚ್ಚು. ಬುಡ 20 ಸೆಂ.ಮೀ. ಚೌಕ, ಸ್ಯಾಡಲ್ (ಗಾಡಿ ಕೂರುವ ಕಂಬದ ತಲೆ) 40 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ನಡುವಿನಿಂದ ಅಂಚಿಗೆ 10 ಸೆಂ.ಮೀ. ಹತ್ತನ್ನು ನಲವತ್ತರಿಂದ ಭಾಗಿಸಿದರೆ ಕಾಲು ಭಾಗ. ಅಂದರೆ ಮೇಲಿನ ಭಾರದ ಕಾಲು ಭಾಗದಷ್ಟು ಬಲ ಪಕ್ಕದಿಂದ ಬಂದರೆ ಆ ಸ್ಟ್ಯಾಂಡ್ ಒಂದು ಅಂಚಿನ ಮೇಲೆ ಏಳತೊಡಗುತ್ತದೆ. 300 ಕೆ.ಜಿ. ಹೊತ್ತಿದ್ದರೆ ಅದಕ್ಕೆ 75 ಕೆ.ಜಿ. ಬಲ ಸಾಕು. ಅದೇ ಸ್ಟ್ಯಾಂಡನ್ನು 30 ಸೆಂ.ಮೀ.ಗೆ ಇಳಿಸಿದರೆ 100 ಕೆ.ಜಿ. ಬೇಕು. ಬುಡ 28 ಸೆಂ.ಮೀ. ಇದ್ದರೆ 40 ಸೆಂ.ಮೀ. ಎತ್ತರದಲ್ಲೂ 105 ಕೆ.ಜಿ. ತಡೆಯುತ್ತದೆ. ನೆಲದಲ್ಲಿ ಉಳಿದ ಚಕ್ರಗಳೂ ಗಾಡಿಯನ್ನು ಹಿಡಿದಿರುವುದರಿಂದ ವಾಸ್ತವ ಇಷ್ಟು ಕಟುವಾಗಿರುವುದಿಲ್ಲ. ಆದರೂ ಜಾಮಾದ ನಟ್ಟಿಗೆ ಉದ್ದನೆಯ ಪೈಪ್ ಸಿಕ್ಕಿಸಿ ಇಬ್ಬರು ಜಗ್ಗಿದರೆ ಈ ಅಂಕಿಗಳ ಹತ್ತಿರ ಹೋಗುವುದು ಕಷ್ಟವೇನಲ್ಲ.

ಮೂರು ಕಾಲಿನವು ಏರುಪೇರು ನೆಲದಲ್ಲಿ ಕುಂಟುವುದಿಲ್ಲ, ಅದು ನಿಜ. ಆದರೆ 20 ಸೆಂ.ಮೀ. ಬದಿಯ ತ್ರಿಕೋನದಲ್ಲಿ ನಡುವಿನಿಂದ ಅಂಚಿಗೆ 6 ಸೆಂ.ಮೀ. ಕೂಡ ಇಲ್ಲ. ಅದೇ ಬದಿಯ ಚೌಕದಲ್ಲಿ 10 ಇದೆ. ಮನೆಯ ಕೆಲಸಕ್ಕೆ ನಾಲ್ಕು ಕಾಲಿನದೇ ಸರಿ.

ಎತ್ತರ ಹೇಗೆ ಲೆಕ್ಕ ಹಾಕುವುದು?

ಸ್ಟ್ಯಾಂಡಿಗೆ ಎರಡು ಎತ್ತರಗಳಿವೆ, ಪೂರ್ತಿ ಇಳಿಸಿದಾಗಿನದು ಮತ್ತು ಪೂರ್ತಿ ಏರಿಸಿದಾಗಿನದು. 3 ಟನ್ನಿನವು ಸಾಮಾನ್ಯವಾಗಿ ಸುಮಾರು 28ರಿಂದ 42 ಸೆಂ.ಮೀ. ವ್ಯಾಪ್ತಿಯಲ್ಲಿ, 6 ಟನ್ನಿನವು ಸುಮಾರು 39ರಿಂದ 60 ಸೆಂ.ಮೀ. ವ್ಯಾಪ್ತಿಯಲ್ಲಿ ಬರುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಮೊದಲ ಅಂಕಿ. ಸಣ್ಣ ಕಾರಿನ ಸಿಲ್ (ಬಾಗಿಲುಗಳ ಕೆಳಗಿನ ಅಂಚು) ನೆಲದಿಂದ 20 ಸೆಂ.ಮೀ. ಆಚೀಚೆ ಇರುತ್ತದೆ. 28 ಸೆಂ.ಮೀ. ಸ್ಟ್ಯಾಂಡ್ ತೂರಿಸಲು ಅದನ್ನು 30ಕ್ಕಾದರೂ ಎತ್ತಬೇಕು. ನಿಮ್ಮ ಟ್ರಾಲಿ ಜಾಕಿ 33–34 ಸೆಂ.ಮೀ. ಏರುವಂಥದ್ದಾದರೆ ಸಾಕು. ಅದೇ ಜಾಗಕ್ಕೆ 39 ಸೆಂ.ಮೀ.ಯ 6 ಟನ್ ಸ್ಟ್ಯಾಂಡ್ ಕೊಡಲು ಹೊರಟರೆ ಜಾಕಿಯೂ ಎಟುಕದು, ಎಟುಕಿದರೂ ಗಾಡಿ ವಿಪರೀತ ವಾಲಿರುತ್ತದೆ.

ಬೊಲೆರೊ, ಥಾರ್, ಸ್ಕಾರ್ಪಿಯೊಗಳಲ್ಲಿ ಸಮಸ್ಯೆ ಉಲ್ಟಾ. ಚಾಸಿ ಮೊದಲೇ ಎತ್ತರದಲ್ಲಿದೆ. ಅದಕ್ಕೆ ಕೊಟ್ಟು ಎತ್ತಿದಾಗ ಸಸ್ಪೆನ್ಷನ್ ಜೋತುಬೀಳುವುದರಿಂದ ಚಕ್ರ ನೆಲ ಬಿಡಲು ಇನ್ನೂ ಅಷ್ಟೆತ್ತರ ಏರಿಸಬೇಕು. ಇವಕ್ಕೆ ದೊಡ್ಡ ಸ್ಟ್ಯಾಂಡ್ ಸರಿ. ಇಲ್ಲವೇ ಹಿಂದಿನ ಗಟ್ಟಿ ಆಕ್ಸಲ್ಲಿಗೇ ಕೊಡಿ. ಆಗ ಸಸ್ಪೆನ್ಷನ್ ಜೋತುಬೀಳುವುದಿಲ್ಲ, ಕಡಿಮೆ ಎತ್ತರದಲ್ಲೇ ಕೆಲಸ ಆಗುತ್ತದೆ. ಎತ್ತರ ಸಾಲದೆಂದು ಸ್ಟ್ಯಾಂಡಿನ ಕೆಳಗೆ ಇಟ್ಟಿಗೆ ಪೇರಿಸುವುದಂತೂ ಬೇಡವೇ ಬೇಡ.

ರಾಚೆಟ್, ಪಿನ್, ಸ್ಕ್ರೂ: ಯಾವ ಲಾಕ್ ಒಳ್ಳೆಯದು?

ಪಿನ್ ಮಾದರಿಯಲ್ಲಿ ಕಂಬಕ್ಕೆ ತೂತುಗಳಿವೆ, ಆರಪಾರ ಉಕ್ಕಿನ ಪಿನ್ ತೂರಿಸಬೇಕು. ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ, ಪಿನ್ ಒಳಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ತೂತಿನಿಂದ ತೂತಿಗೆ ಅಂತರ ಹೆಚ್ಚಿರುವುದರಿಂದ ಬೇಕಾದಷ್ಟೇ ಎತ್ತರ ಸಿಗದಿರಬಹುದು, ಅದೊಂದೇ ಕೊರತೆ. ಪಿನ್ ಕಳೆದುಹೋದರೆ ಕೈಗೆ ಸಿಕ್ಕ ಬೋಲ್ಟನ್ನೋ ಕಟ್ಟಡದ ಕಂಬಿಯನ್ನೋ ತೂರಿಸುವ ಅಭ್ಯಾಸ ನಮ್ಮಲ್ಲಿದೆ. ಸಡಿಲ ಪಿನ್ ತೂತಿನ ಒಂದೇ ಬಿಂದುವಿನ ಮೇಲೆ ಕೂತು ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ. ಬೋಲ್ಟಾದರೆ ಅದರ ತಿರುಪಿನ (ಥ್ರೆಡ್) ಭಾಗವೇ ದುರ್ಬಲ. ಅದೇ ಅಳತೆಯ ಪಿನ್ ತಯಾರಕರಿಂದ ತರಿಸಿ, ಸಿಗದಿದ್ದರೆ ಸ್ಟ್ಯಾಂಡನ್ನೇ ಬಿಡಿ.

ರಾಚೆಟ್ ಮಾದರಿ ಮಾರುಕಟ್ಟೆಯಲ್ಲಿ ಹೆಚ್ಚು. ಕಂಬದ ಒಂದು ಬದಿಗೆ ಹಲ್ಲುಗಳು, ಹಿಡಿಯ ತುದಿಗೆ ಚಿಲಕ. ಚಿಲಕ ಹಲ್ಲಿನ ತಳದವರೆಗೆ ಕೂತರೆ ಮೇಲಿನ ಭಾರವೇ ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹಲ್ಲಿನ ತುದಿಯ ಮೇಲೆ ಅರ್ಧ ಕೂತಿದ್ದರೂ ಹೊರಗಿನಿಂದ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ, ಗಾಡಿ ಅಲುಗಿದಾಗ ಜಾರುತ್ತದೆ. ಆದ್ದರಿಂದ ಕಂಬ ಏರಿಸಿದ ಮೇಲೆ ಹಿಡಿಯನ್ನು ಕೆಳಕ್ಕೆ ಒತ್ತಿ, ಕಂಬವನ್ನು ಅಂಗೈಯಿಂದ ಕೆಳಕ್ಕೆ ಬಡಿದು ನೋಡಬೇಕು. ಪ್ರತಿ ಸಲ, ಎರಡೂ ಸ್ಟ್ಯಾಂಡಿಗೆ.

ರಾಚೆಟ್ ಜತೆಗೆ ಅಡ್ಡ ಪಿನ್ನೂ ಇರುವ ಜೋಡಿ ಲಾಕ್ ಸಿಗುತ್ತದೆ. ಆಯ್ಕೆ ಇದ್ದರೆ ಇದನ್ನೇ ತೆಗೆದುಕೊಳ್ಳಿ. ಸ್ವಲ್ಪ ದುಡ್ಡು ಹೆಚ್ಚಾದರೂ ಚಿಲಕ ಕೈಕೊಟ್ಟಾಗ ಪಿನ್ ಹಿಡಿಯುತ್ತದೆ. ಆದರೆ ಪಿನ್ ಹಾಕಿದರೆ ಮಾತ್ರ! ಸರಪಳಿಯಲ್ಲಿ ಜೋತುಬಿದ್ದ ಪಿನ್ ಏನನ್ನೂ ಹಿಡಿಯುವುದಿಲ್ಲ.

ಸ್ಕ್ರೂ ಮಾದರಿಯಲ್ಲಿ ಎತ್ತರ ಕೂದಲೆಳೆಯಷ್ಟು ಹೊಂದಿಸಬಹುದು. ಗೇರ್‌ಬಾಕ್ಸ್‌ಗೆ ಆಸರೆ ಕೊಡುವಂಥ ಕೆಲಸಕ್ಕೆ ಚೆನ್ನ. ಇಡೀ ಗಾಡಿಗೆ ಬೇಡ, ಅವುಗಳ ಬುಡ ಸಾಮಾನ್ಯವಾಗಿ ಕಿರಿದು.

ಒಳ್ಳೆಯ ಹೆಸರಿನ ಕಡೆ ತೆಗೆದುಕೊಂಡರೆ ಈ ಚಿಂತೆ ಇಲ್ಲ ಅಲ್ಲವೇ?

ಹೊಸದು ಎಂಬುದೂ ದೊಡ್ಡ ಹೆಸರೆಂಬುದೂ ಪರೀಕ್ಷೆಗೆ ಬದಲಿಯಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಮಳಿಗೆಗಳು ಪಿಟ್ಸ್‌ಬರ್ಗ್ ಹೆಸರಿನ 3 ಮತ್ತು 6 ಟನ್ನಿನ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿದವು. ಒಟ್ಟು 17 ಲಕ್ಷದಷ್ಟು. ಕಾರಣ ಮೇಲೆ ಹೇಳಿದ್ದೇ: ಅಚ್ಚು ಸವೆದು ಹಲ್ಲುಗಳ ಅಳತೆ ಏರುಪೇರಾಗಿ, ಚಿಲಕ ಸಾಕಷ್ಟು ಆಳಕ್ಕೆ ಕೂರದೆ, ಭಾರ ಅಲುಗಿದಾಗ ಕಂಬ ಕುಸಿಯುವ ಅಪಾಯ. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲಿ ಕೆಲವನ್ನು ಬೆಸುಗೆಯ ದೋಷಕ್ಕಾಗಿ ಅದೇ ವರ್ಷ ಮತ್ತೆ ಕರೆಸಬೇಕಾಯಿತು. ಅಮೆರಿಕದಲ್ಲಿರುವ ಕನ್ನಡಿಗರು ಹಳೆಯ ಸ್ಟ್ಯಾಂಡ್ ಯಾರಿಂದಾದರೂ ಪಡೆಯುವ ಮುನ್ನ ಅದರ ಮೇಲಿನ ಐಟಂ ಸಂಖ್ಯೆಯನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ (ಎನ್.ಎಚ್.ಟಿ.ಎಸ್.ಎ.) ಪಟ್ಟಿಯಲ್ಲಿ ಹುಡುಕಿ ನೋಡಬೇಕು.

ಅಂಗಡಿಯಲ್ಲಿ ನಿಂತು ಏನು ಪರೀಕ್ಷೆ ಮಾಡಲಿ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಎಸ್‌.ಜೆ.ಪಿ. ರಸ್ತೆಯಲ್ಲೋ ಕೊಳ್ಳುತ್ತಿದ್ದರೆ ಡಬ್ಬಿ ಬಿಚ್ಚಿಸಿ. ಸಮತಟ್ಟು ನೆಲದ ಮೇಲಿಟ್ಟು ಮೂಲೆ ಮೂಲೆ ಒತ್ತಿ, ಕುಂಟಿದರೆ ಬೇಡ. ಕಂಬವನ್ನು ಪೂರ್ತಿ ಏರಿಸಿ ತಲೆ ಹಿಡಿದು ಅಲುಗಾಡಿಸಿ. ಸ್ವಲ್ಪ ಆಟ ಇರುತ್ತದೆ, ಆದರೆ ಕಣ್ಣಿಗೆ ರಾಚುವಷ್ಟು ವಾಲಿದರೆ ಕೊಳವೆಗೂ ಕಂಬಕ್ಕೂ ಅಳತೆ ಹೊಂದಿಲ್ಲ. ಕಾಲುಗಳು ಮೇಲೆ ಸೇರುವ ಕಡೆಯ ಬೆಸುಗೆ ನೋಡಿ. ಅದು ಸಂದಿನ ಉದ್ದಕ್ಕೂ ಒಂದೇ ಸಮ ಹರಿದಿರಬೇಕು. ಅಲ್ಲೊಂದು ಇಲ್ಲೊಂದು ಚುಕ್ಕಿ, ನಡುವೆ ರಂಧ್ರ, ಲೋಹಕ್ಕೆ ಅಂಟದೆ ಮೇಲೆ ಗುಡ್ಡೆಯಾಗಿ ಕೂತ ಬೆಸುಗೆ ಇದ್ದರೆ ಇಟ್ಟುಬಿಡಿ. ದಪ್ಪ ಬಣ್ಣ ಬಳಿದಿದ್ದರೆ ಬೆಸುಗೆ ಕಾಣುವುದಿಲ್ಲ, ಅದೂ ಒಂದು ಸುಳಿವೇ.

ಆಮೇಲೆ ಒಂದೊಂದೇ ಹಲ್ಲಿಗೆ ಏರಿಸುತ್ತ ಚಿಲಕ ಎಲ್ಲ ಹಲ್ಲಲ್ಲೂ ಒಂದೇ ಆಳಕ್ಕೆ ಬೀಳುತ್ತದೆಯೇ ಗಮನಿಸಿ. ಜೋಡಿಯಲ್ಲಿ ಒಂದನ್ನು ನೋಡಿ ಇನ್ನೊಂದನ್ನು ನಂಬಬೇಡಿ. ಒಂದರ ತೂಕ ಇನ್ನೊಂದಕ್ಕಿಂತ ಗಣನೀಯವಾಗಿ ಕಡಿಮೆಯಿದ್ದರೆ ತಗಡು ಬೇರೆ ದಪ್ಪದ್ದು.

ಆನ್‌ಲೈನ್‌ನಲ್ಲಿ ತರಿಸಿದರೂ ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಇಷ್ಟನ್ನೂ ಮಾಡಿ. ಫೋಟೊದಲ್ಲಿ ಎಲ್ಲ ಸ್ಟ್ಯಾಂಡೂ ಚೆಂದವೇ.

ಯಾವ ಗುರುತು, ಮಾನದಂಡ ಇರಬೇಕು?

ಅಮೆರಿಕದ ಮಾನದಂಡದ ಹೆಸರು ಎ.ಎಸ್.ಎಂ.ಇ. ಪಿ.ಎ.ಎಲ್.ಡಿ. ಐರೋಪ್ಯ ಮಾನದಂಡ ಇ.ಎನ್. 1494. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನದು ಎ.ಎಸ್./ಎನ್.ಝಡ್.ಎಸ್. 2538. ಇವುಗಳಲ್ಲಿ ಒಂದರ ಉಲ್ಲೇಖ, ತಯಾರಕರ ಹೆಸರು, ಭಾರದ ಮಿತಿ ಮತ್ತು ಬ್ಯಾಚ್ ಸಂಖ್ಯೆ ಸ್ಟ್ಯಾಂಡಿನ ಮೇಲೆಯೇ ಇದ್ದರೆ ಒಳ್ಳೆಯದು. ಬರೀ ಡಬ್ಬಿಯ ಮೇಲಿನ ‘ಹೆವಿ ಡ್ಯೂಟಿ’ ಎಂಬ ಮಾತಿಗೆ ಯಾವ ಅರ್ಥವೂ ಇಲ್ಲ.

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದೇ?

ಗೇಟು, ಗ್ರಿಲ್ಲು ಚೆನ್ನಾಗಿ ಮಾಡುವವರು ಸ್ಟ್ಯಾಂಡೂ ಚೆನ್ನಾಗಿ ಮಾಡುತ್ತಾರೆಂದಲ್ಲ. ಗ್ರಿಲ್ಲಿನ ಬೆಸುಗೆ ಆಕಾರ ಹಿಡಿದಿಟ್ಟರೆ ಸಾಕು, ಸ್ಟ್ಯಾಂಡಿನ ಬೆಸುಗೆ ಲೋಹದ ಆಳಕ್ಕಿಳಿದು ಭಾರ ಹೊರಬೇಕು. ಜಿ.ಐ. ಪೈಪ್ ಬಳಸಿದರೆ ಸತುವಿನ ಲೇಪ ಬೆಸುಗೆಯನ್ನು ಕೆಡಿಸಿ ಒಳಗೆ ಗುಳ್ಳೆಗಳಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಾಡಿದ್ದನ್ನು ಭಾರ ಹಾಕಿ ಪರೀಕ್ಷಿಸುವ ವ್ಯವಸ್ಥೆ ಅಲ್ಲಿಲ್ಲ. ಎತ್ತರ ಹೊಂದಿಸುವ ಸ್ಟ್ಯಾಂಡ್ ಮಾಡಿಸಲೇಬೇಡಿ. ಅಂಗಡಿಯ ಜೋಡಿಯ ಬೆಲೆ ಒಂದು ಸಾಧಾರಣ ಟ್ರಾಲಿ ಜಾಕಿಗಿಂತ ಹೆಚ್ಚೇನಿಲ್ಲ.

ಸಿಮೆಂಟ್ ಬ್ಲಾಕ್, ಸೈಜುಗಲ್ಲು, ಮರದ ದಿಮ್ಮಿ?

ಟೊಳ್ಳು ಸಿಮೆಂಟ್ ಬ್ಲಾಕ್ ಗೋಡೆಯಲ್ಲಿ ಟನ್ನುಗಟ್ಟಲೆ ಹೊರುವುದು ಭಾರ ಅದರ ಇಡೀ ಮೈಗೆ ಹಂಚಿಹೋಗುವುದರಿಂದ. ಆಕ್ಸಲ್ಲಿನ ಒಂದು ಮೂಲೆ ನಡುವಿನ ತೆಳು ಗೋಡೆಯ ಮೇಲೆ ಕೂತರೆ ಬಿರುಕು ಬಿಡುತ್ತದೆ. ಉಕ್ಕು ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ಇಟ್ಟಿಗೆಯೂ ಹಾಗೆಯೇ. ಸೈಜುಗಲ್ಲು ಗಟ್ಟಿ ನಿಜ, ಆದರೆ ಅದರ ಮೈ ಏರುಪೇರು, ಅದರ ಮೇಲೆ ಲೋಹ ಜಾರುತ್ತದೆ. ಕಲ್ಲು ಚಕ್ರಕ್ಕೆ ಅಡ್ಡ ಕೊಡಲು ಚೆನ್ನ, ಗಾಡಿಯಡಿ ಕೊಡಲು ಅಲ್ಲ.

ಮರ ಮಾತ್ರ ಬೇರೆ. ಒಣಗಿದ ಗಟ್ಟಿ ಮರದ ಸಮನಾದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದ ಅಟ್ಟಣೆ ಭಾರಿ ತೂಕ ಹೊರುತ್ತದೆ, ಸೋಲುವ ಮುನ್ನ ಕರಕರ ಸದ್ದು ಮಾಡುತ್ತದೆ. ಬುಡದ ಅಗಲದಷ್ಟೇ ಎತ್ತರಕ್ಕೆ ನಿಲ್ಲಿಸಬೇಕು. ಸ್ಟ್ಯಾಂಡಿನ ಜತೆ ಎರಡನೇ ಆಸರೆಯಾಗಿ ಇದು ಒಳ್ಳೆಯ ಉಪಾಯ.

ನೆಲ ಹೇಗಿರಬೇಕು?

ಸಮತಟ್ಟಾದ, ಬಿರುಕಿಲ್ಲದ ಕಾಂಕ್ರೀಟ್. ಇದು ಎಲ್ಲರಿಗೂ ಸಿಗುವುದಿಲ್ಲ, ಹಾಗಾಗಿ ಉಳಿದವನ್ನು ನೋಡೋಣ.

ಮಣ್ಣಿನಂಗಳ, ಜಂಬಿಟ್ಟಿಗೆಯ ಪುಡಿ ಹಾಸಿದ ಅಂಗಳ, ಬಿಸಿಲಿಗೆ ಮೆತ್ತಗಾದ ಡಾಂಬರು: ಇಲ್ಲೆಲ್ಲ ಸ್ಟ್ಯಾಂಡಿನ ಕಾಲು ಇಳಿಯುತ್ತದೆ. ನಾಲ್ಕು ಕಾಲು ನೆಲ ಮುಟ್ಟುವ ಜಾಗ ಒಟ್ಟು 20 ಚದರ ಸೆಂ.ಮೀ. ಎಂದುಕೊಂಡರೆ 300 ಕೆ.ಜಿ. ಭಾರಕ್ಕೆ ಚದರ ಸೆಂ.ಮೀ.ಗೆ 15 ಕೆ.ಜಿ. ಬೀಳುತ್ತದೆ. ಮಳೆಗಾಲದ ಮಣ್ಣು ತಾಳುವ ಒತ್ತಡವಲ್ಲ ಇದು. 30 ಸೆಂ.ಮೀ. ಚೌಕದ, 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆ ಕೆಳಗಿಟ್ಟರೆ ಅದು ಚದರ ಸೆಂ.ಮೀ.ಗೆ ಮೂರನೇ ಒಂದು ಕೆ.ಜಿ.ಗೆ ಇಳಿಯುತ್ತದೆ. ಎರಡು ಪದರ ಇನ್ನೂ ಒಳ್ಳೆಯದು. ಮೂರು ಕಾಲು ಗಟ್ಟಿ ನೆಲದ ಮೇಲೆ, ನಾಲ್ಕನೆಯದು ಮಣ್ಣಿನ ಮೇಲೆ ಇರುವಂತೆ ಮಾತ್ರ ಇಡಬೇಡಿ. ಒಂದೇ ಕಾಲು ಇಳಿದರೂ ಸ್ಟ್ಯಾಂಡ್ ವಾಲುತ್ತದೆ.

ಪೋರ್ಟಿಕೊದ ವಿಟ್ರಿಫೈಡ್ ಟೈಲ್ಸಿಗೆ ಎರಡು ತೊಂದರೆ. ಒದ್ದೆಯಾದರೆ ಜಾರುತ್ತದೆ, ಕೆಳಗೆ ಗಾರೆ ತುಂಬದೆ ಟೊಳ್ಳಿದ್ದರೆ ಒಡೆಯುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ಟೊಳ್ಳು ಸದ್ದು ಬಂದ ಕಡೆ ಕೊಡಬೇಡಿ. ಚಪ್ಪಡಿ ಕಲ್ಲು ಹಾಸಿದ ಕಡೆಯೂ ಇದೇ ಪರೀಕ್ಷೆ. ಚರಂಡಿಯ ಮೇಲಿನ ಚಪ್ಪಡಿಯಂತೂ ಬೇಡ.

ಇಂಟರ್‌ಲಾಕ್ ಕಲ್ಲಿನ ನೆಲದಲ್ಲಿ ಅಪಾಯ ಬರುವುದು ಎತ್ತುವಾಗ. ಟ್ರಾಲಿ ಜಾಕಿಯ ತೋಳು ನೇರ ಮೇಲೇರುವುದಿಲ್ಲ, ಕಮಾನಿನ ಹಾದಿಯಲ್ಲಿ ಏರುತ್ತದೆ. ಅದಕ್ಕೆ ತಕ್ಕಂತೆ ಜಾಕಿ ತನ್ನ ಚಕ್ರಗಳ ಮೇಲೆ ಒಂದಿಷ್ಟು ಮುಂದೆ ಉರುಳಬೇಕು. ಸಂದಿನಲ್ಲಿ ಚಕ್ರ ಸಿಕ್ಕಿದರೆ ಜಾಕಿ ಉರುಳದು, ಬದಲಿಗೆ ಸ್ಯಾಡಲ್ ಗಾಡಿಯ ಮೈ ಮೇಲೆ ಜಾರುತ್ತದೆ. ಜಾಕಿಯಡಿ ದಪ್ಪ ಪ್ಲೈವುಡ್ ಹಾಸಿ.

ಅಪಾರ್ಟ್‌ಮೆಂಟಿನ ನೆಲಮಾಳಿಗೆ ಸಮ ಕಂಡರೂ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ. ಒಂದು ಚೊಂಬು ನೀರು ಚೆಲ್ಲಿ ನೋಡಿ. ನ್ಯೂಟ್ರಲ್‌ನಲ್ಲಿ ಬ್ರೇಕ್ ಸಡಿಲಿಸಿದರೆ ಗಾಡಿ ತಾನಾಗಿ ಉರುಳುವ ಜಾಗವಾದರೆ ಅಲ್ಲಿ ಸ್ಟ್ಯಾಂಡ್ ಕೊಡಲೇಬಾರದು.

ಗಾಡಿಯ ಯಾವ ಜಾಗಕ್ಕೆ ಕೊಡಬೇಕು?

ಮೊದಲು ಓನರ್ಸ್ ಮ್ಯಾನುಯಲ್ ತೆಗೆಯಿರಿ, ಚಿತ್ರ ಇರುತ್ತದೆ. ಸಾಮಾನ್ಯ ನಿಯಮ ಹೀಗೆ: ಸ್ವಿಫ್ಟ್, ಐ20, ನೆಕ್ಸಾನ್‌ನಂಥ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಗಿಲಿನ ಕೆಳಗಿನ ಸಿಲ್ ಉದ್ದಕ್ಕೂ ಎರಡು ತಗಡು ಸೇರಿದ ಬೆಸುಗೆ ಅಂಚು ಇದೆ. ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಆ ಅಂಚಿನಲ್ಲಿ ಗುರುತು ಕಚ್ಚುಗಳಿರುತ್ತವೆ. ಬಲಪಡಿಸಿದ್ದು ಅಷ್ಟು ಜಾಗ ಮಾತ್ರ, ಒಂದು ಅಡಿ ಆಚೆ ಕೊಟ್ಟರೆ ತಗಡು ಮಡಚುತ್ತದೆ.

ಇಲ್ಲೊಂದು ಗಂಟು ಇದೆ. ಅದೇ ಜಾಗಕ್ಕೆ ಜಾಕಿ ಕೊಟ್ಟರೆ ಸ್ಟ್ಯಾಂಡ್ ಎಲ್ಲಿಡುವುದು? ಮ್ಯಾನುಯಲ್‌ನಲ್ಲಿ ತೋರಿಸಿದ್ದರೆ ಮುಂದಿನ ನಡುವಿನ ಕ್ರಾಸ್ ಮೆಂಬರಿಗೆ (ಗಾಡಿಯಡಿಯ ಅಡ್ಡ ತೊಲೆ) ಟ್ರಾಲಿ ಜಾಕಿ ಕೊಟ್ಟು ಎತ್ತಿ, ಎರಡೂ ಬದಿಯ ಸಿಲ್ ಕಚ್ಚಿಗೆ ಸ್ಟ್ಯಾಂಡ್ ಕೊಡಬಹುದು. ಎಂಜಿನ್ ಸಂಪ್ (ತಳದ ಎಣ್ಣೆ ತಟ್ಟೆ), ಗೇರ್‌ಬಾಕ್ಸ್, ರೇಡಿಯೇಟರ್ ಹಿಡಿಯುವ ಪಟ್ಟಿ, ಸಸ್ಪೆನ್ಷನ್ ತೋಳು, ಹಿಂದಿನ ಟಾರ್ಷನ್ ಬೀಮಿನ (ಎರಡು ಹಿಂಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ) ನಡುಭಾಗ ಇವು ಯಾವುದಕ್ಕೂ ಬೇಡ.

ಸ್ಯಾಡಲ್ಲಿನ ಉಬ್ಬಿದ ಕಿವಿಗಳು ಸಿಲ್ ಅಂಚನ್ನು ನಜ್ಜುಗುಜ್ಜು ಮಾಡುತ್ತವೆ. ನಡುವೆ ಉದ್ದ ತೋಡು (ಗ್ರೂವ್) ಇರುವ ಗಟ್ಟಿ ರಬ್ಬರ್ ಪ್ಯಾಡ್ ಇಟ್ಟರೆ ಅಂಚು ಆ ತೋಡಿನೊಳಗೆ ಕೂತು ಭಾರ ಎರಡೂ ಬದಿಯ ತಗಡಿಗೆ ಹೋಗುತ್ತದೆ, ಬಣ್ಣವೂ ಉಳಿಯುತ್ತದೆ. ಮೆತ್ತನೆಯ ರಬ್ಬರ್ ಹರಿಯುತ್ತದೆ, ಹಳೆ ಟ್ಯೂಬಿನ ತುಂಡು ಸಾಲದು.

ಬೊಲೆರೊ, ಸ್ಕಾರ್ಪಿಯೊ, ಫಾರ್ಚೂನರ್, ಇನೋವಾ ಕ್ರಿಸ್ಟಾಗಳಿಗೆ ಏಣಿಯಾಕಾರದ ಚಾಸಿ ಇದೆ. ಅದರ ಉದ್ದ ತೊಲೆಗೋ ಹಿಂದಿನ ಆಕ್ಸಲ್ ಕೊಳವೆಗೋ ಕೊಡಿ. ಆಕ್ಸಲ್ಲಿಗೆ ಕೊಡುವಾಗ ಬ್ರೇಕ್ ಪೈಪ್ ನಡುವೆ ಸಿಕ್ಕಿಲ್ಲವೆಂದು ನೋಡಿ. ಇನೋವಾ ಹೈಕ್ರಾಸ್ ಹೆಸರಿಗೆ ಇನೋವಾ ಆದರೂ ಏಣಿ ಚಾಸಿಯದಲ್ಲ, ಕ್ರಿಸ್ಟಾ ಅಭ್ಯಾಸ ಅಲ್ಲಿ ನಡೆಯದು.

ವಿದ್ಯುತ್ ಕಾರುಗಳಲ್ಲಿ ನೆಲದ ಬಹುಭಾಗ ಬ್ಯಾಟರಿ ಪೆಟ್ಟಿಗೆ. ಅದಕ್ಕೆ ಜಾಕಿಯಾಗಲಿ ಸ್ಟ್ಯಾಂಡಾಗಲಿ ತಾಗಕೂಡದು. ಬದಿಯ ನಿಗದಿತ ಬಿಂದುಗಳು ಮಾತ್ರ.

ಎತ್ತುವ ಕ್ರಮ ಹೇಳಿ.

ಚಕ್ರ ಬಿಚ್ಚುವುದಿದ್ದರೆ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಬಿಗಿ ನಟ್ಟಿನ ಜಗ್ಗಾಟವನ್ನು ಸ್ಟ್ಯಾಂಡಿನ ಮೇಲೆ ಮಾಡಬಾರದು. ಹ್ಯಾಂಡ್‌ಬ್ರೇಕ್ ಎಳೆದು ಗೇರಿಗೆ ಹಾಕಿ, ನೆಲದಲ್ಲಿ ಉಳಿಯುವ ಎರಡು ಚಕ್ರಗಳಿಗೂ ಮುಂದೆ ಹಿಂದೆ ಅಡ್ಡ ಕೊಡಿ. ಆಮೇಲೆ ಜಾಕಿಯಿಂದ ನಿಧಾನ ಎತ್ತಿ. ಎರಡೂ ಸ್ಟ್ಯಾಂಡನ್ನು ಒಂದೇ ಹಲ್ಲಿನ ಎತ್ತರಕ್ಕೆ ಹೊಂದಿಸಿ ಜಾಗಕ್ಕಿಡಿ. ಗಾಡಿಯನ್ನು ಕೂದಲೆಳೆಯಷ್ಟೇ ಇಳಿಸಿ, ಸ್ಯಾಡಲ್ ನಡುವಿಗೆ ಕೂತಿತೇ ಎಂದು ನೋಡಿ, ಆಮೇಲೆ ಪೂರ್ತಿ ಭಾರ ಬಿಡಿ. ನಾಲ್ಕೂ ಕಾಲು ನೆಲಕ್ಕೆ ಒತ್ತಿವೆಯೇ? ಅಡ್ಡ ಪಿನ್ ಹಾಕಿದಿರಾ?

ಈಗ ಗಾಡಿಯಡಿ ಹೋಗುವ ಮೊದಲು ಹೊರಗೆ ನಿಂತು ಬಂಪರ್ ಹಿಡಿದು ಮುಂದೆ ಹಿಂದೆ, ಬಾಗಿಲ ಕಂಬ ಹಿಡಿದು ಪಕ್ಕಕ್ಕೆ ಚೆನ್ನಾಗಿ ಅಲುಗಾಡಿಸಿ. ಬೀಳುವುದಿದ್ದರೆ ಈಗಲೇ ಬೀಳಲಿ. ಕೊನೆಗೆ ಜಾಕಿಯನ್ನು ಮತ್ತೆ ಒತ್ತಿ ಗಾಡಿಗೆ ತಾಗಿಸಿಟ್ಟು, ಬಿಚ್ಚಿದ ಚಕ್ರವನ್ನು ಸಿಲ್ಲಿನಡಿ ಮಲಗಿಸಿ. ಸ್ಟ್ಯಾಂಡ್ ಸೋತರೆ ಆ ಚಕ್ರದ ದಪ್ಪದಷ್ಟು ಜಾಗ ಉಳಿಯುತ್ತದೆ.

ಇಳಿಸುವಾಗ ಅವಸರ ಹೆಚ್ಚು, ತಪ್ಪೂ ಹೆಚ್ಚು. ಒಳಗೆ ಯಾರ ಕೈಕಾಲೂ ಇಲ್ಲವೆಂದು ನೋಡಿ ಜಾಕಿ ಎತ್ತಿ, ಎರಡೂ ಸ್ಟ್ಯಾಂಡ್ ಹೊರಗೆ ಬಂದ ಮೇಲಷ್ಟೇ ರಿಲೀಸ್ ವಾಲ್ವ್ ತಿರುಗಿಸಿ. ನಟ್ಟಿನ ಕೊನೆಯ ಬಿಗಿತ ಚಕ್ರ ನೆಲ ಮುಟ್ಟಿದ ಮೇಲೆ.

ಹ್ಯಾಂಡ್‌ಬ್ರೇಕ್ ಎಳೆದ ಮೇಲೂ ಚಕ್ರಕ್ಕೆ ಅಡ್ಡ ಯಾಕೆ?

ಬಹುತೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದರೆ ಆ ಹಿಡಿತ ಗಾಳಿಯಲ್ಲಿದೆ. ಮುಂಚಕ್ರ ಚಾಲನೆಯ ಕಾರಿನ ಮುಂಭಾಗ ಎತ್ತಿದರೆ ಗೇರಿನ ಹಿಡಿತ ಗಾಳಿಯಲ್ಲಿ. ಹಿಂಚಕ್ರ ಚಾಲನೆಯ ಗಾಡಿಯಲ್ಲಿ ಹಿಂದಿನ ಒಂದೇ ಚಕ್ರ ಎತ್ತಿದರೂ ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದರಿಂದ ಎತ್ತಿದ ಚಕ್ರ ಹಿಮ್ಮುಖ ತಿರುಗಿ ನೆಲದ ಚಕ್ರ ಉರುಳಬಹುದು, ಗೇರಿನಲ್ಲಿದ್ದರೂ.

ನಾಲ್ಕೂ ಚಕ್ರ ಒಟ್ಟಿಗೆ ಎತ್ತಬಹುದೇ?

ಅನೇಕ ಸ್ಟ್ಯಾಂಡ್‌ಗಳ ಸೂಚನೆಯಲ್ಲೇ ಗಾಡಿಯ ಒಂದು ತುದಿಗೆ ಜೋಡಿಯಾಗಿ ಮಾತ್ರ ಬಳಸಿ ಎಂದಿರುತ್ತದೆ. ನಾಲ್ಕಕ್ಕೂ ಕೊಟ್ಟರೆ ಉರುಳದಂತೆ ಹಿಡಿಯಲು ಒಂದು ಚಕ್ರವೂ ನೆಲದಲ್ಲಿ ಉಳಿಯುವುದಿಲ್ಲ. ಮುಂದೆ ಸ್ಟ್ಯಾಂಡ್ ಕೊಟ್ಟು ಹಿಂದೆ ಎತ್ತುವಾಗ ಗಾಡಿ ಮುಂದಿನ ಸ್ಟ್ಯಾಂಡ್‌ಗಳ ಮೇಲೆ ತಿರುಗುತ್ತದೆ, ಅವು ವಾಲುವುದು ಆ ಕ್ಷಣದಲ್ಲಿ. ಮನೆಯಲ್ಲಿ ಒಂದು ತುದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಬರೀ ಆಯಿಲ್ ಬದಲಿಸುವುದಾದರೆ ಚಕ್ರ ಹತ್ತಿಸುವ ಇಳಿಜಾರು ರಾಂಪ್ ಸ್ಟ್ಯಾಂಡಿಗಿಂತ ನಿಶ್ಚಿಂತೆ.

ಟ್ರ್ಯಾಕ್ಟರಿಗೆ, ಲಾರಿಗೆ ಇದೇ ಸಾಕೇ?

ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಕೀಲಿನ ಮೇಲೆ ತೂಗುತ್ತದೆ. ಹಿಂಭಾಗ ಎತ್ತಿದಾಗ ಇಡೀ ಎಂಜಿನ್ ಆ ಕೀಲಿನ ಸುತ್ತ ಪಕ್ಕಕ್ಕೆ ಹೊರಳಬಹುದು. ಆದ್ದರಿಂದ ಎತ್ತುವ ಮೊದಲೇ ಮುಂದಿನ ಆಕ್ಸಲ್ ಮತ್ತು ಅದರ ಮೇಲಿನ ಚೌಕಟ್ಟಿನ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಬಡಿಯಬೇಕು. ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ ಚಕ್ರವೇ ಬಹಳ ಭಾರ, ಒಬ್ಬರೇ ಬಿಚ್ಚಲು ಹೋಗಬೇಡಿ. ಕಾರಿನ 3 ಟನ್ ಸ್ಟ್ಯಾಂಡಿನ ಎತ್ತರವೂ ಬುಡವೂ ಟ್ರ್ಯಾಕ್ಟರಿಗೆ ಒಗ್ಗುವುದಿಲ್ಲ.

ಟಿಪ್ಪರ್ ಮತ್ತು ಟ್ರೈಲರ್ ತೊಟ್ಟಿ ಎತ್ತಿಟ್ಟು ಕೆಳಗೆ ಗ್ರೀಸ್ ಹೊಡೆಯುವವರು ತೊಟ್ಟಿಗೆ ಕಬ್ಬಿಣದ ಊರುಗೋಲು ಕೊಡಲೇಬೇಕು. ಅಲ್ಲಿಯೂ ಹಿಡಿದಿರುವುದು ಎಣ್ಣೆ ಮಾತ್ರ. ಏರ್ ಸಸ್ಪೆನ್ಷನ್ ಬಸ್ಸಿನಲ್ಲಿ ಗಾಳಿ ಇಳಿದರೆ ಚಕ್ರ ಬಿಚ್ಚದಿದ್ದರೂ ಚಾಸಿ ಕುಸಿಯುತ್ತದೆ, ಹಾಗಾಗಿ ಚಾಸಿಗೇ ಸ್ಟ್ಯಾಂಡ್ ಕೊಟ್ಟು ಒಳಗೆ ಹೋಗಿ.

ಗಾಡಿ ಯಾರ ಮೇಲಾದರೂ ಬಿದ್ದರೆ?

ಎಳೆಯಬೇಡಿ, ಮೊದಲು ಎತ್ತಿ. ಇನ್ನೊಂದು ಜಾಕಿ ಇದ್ದರೆ ಅದನ್ನು ಗಟ್ಟಿ ಜಾಗಕ್ಕೆ ಕೊಟ್ಟು, ಎತ್ತಿದಷ್ಟಕ್ಕೂ ಕೆಳಗೆ ಮರ ತುಂಬುತ್ತಾ ಹೋಗಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಎದೆಯ ಮೇಲೆ ಭಾರ ಬಿದ್ದವರಿಗೆ ಉಸಿರಾಡಲು ಸಿಗುವುದು ಕೆಲವೇ ನಿಮಿಷ. ಆದ್ದರಿಂದ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಗಾಡಿಯಡಿ ಮಲಗುವ ಕೆಲಸ ಇಟ್ಟುಕೊಳ್ಳಬೇಡಿ. ಫೋನ್ ಪ್ಯಾಂಟಿನ ಜೇಬಿನಲ್ಲಿರಲಿ, ಟೂಲ್ ಬಾಕ್ಸಿನ ಮೇಲಲ್ಲ.

ಎಷ್ಟು ವರ್ಷ ಬಾಳುತ್ತದೆ? ಯಾವಾಗ ಎಸೆಯಬೇಕು?

ಇಂತಿಷ್ಟೇ ವರ್ಷ ಎಂದಿಲ್ಲ. ಕಾಲು ಬಾಗಿದ್ದರೆ, ಬೆಸುಗೆಯ ಬಳಿ ಬಣ್ಣ ಕೂದಲೆಳೆಯಂತೆ ಸೀಳಿದ್ದರೆ, ಹಲ್ಲಿನ ಮೂಲೆ ದುಂಡಾಗಿದ್ದರೆ, ಪಿನ್ನಿನ ತೂತು ಉದ್ದವಾಗಿದ್ದರೆ, ಒಮ್ಮೆ ಗಾಡಿ ಅದರಿಂದ ಜಾರಿ ಬಿದ್ದಿದ್ದರೆ ಅದರ ಆಯುಷ್ಯ ಮುಗಿಯಿತು. ಮತ್ತೆ ಬೆಸುಗೆ ಹಾಕಿಸಿ ಉಳಿಸಿಕೊಳ್ಳಬೇಡಿ. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ತುಕ್ಕು ಕೊಳವೆಯ ಒಳಗಿನಿಂದ ಶುರುವಾಗುತ್ತದೆ. ಕಂಬ ಹೊರಗೆಳೆದು ಟಾರ್ಚ್ ಹಾಕಿ ನೋಡಿ. ಚಿಲಕದ ಕೀಲಿಗೆ ಒಂದು ಹನಿ ಎಣ್ಣೆ ಸಾಕು. ಹಲ್ಲುಗಳಿಗೆ ಗ್ರೀಸ್ ಬಳಿಯಬೇಡಿ, ಅದಕ್ಕೆ ಮಣ್ಣು ಅಂಟಿ ಚಿಲಕ ತಳ ಮುಟ್ಟುವುದಿಲ್ಲ.

ಕೆಟ್ಟದ್ದನ್ನು ಹಾಗೆಯೇ ಗುಜರಿಗೆ ಹಾಕಿದರೆ ಯಾರೋ ಬಣ್ಣ ಬಳಿದು ಮಾರುತ್ತಾರೆ. ಕಂಬವನ್ನು ಎರಡು ತುಂಡು ಮಾಡಿಸಿ ಕೊಡಿ.